ಕೋಲ್ಬಿಯನ್ನು ಮಾರಿದ ಎಮಿಲ್

ವಿಲೋ ಕ್ರಾಸಿಂಗ್ ಊರಿನ ಜನಸಂಖ್ಯೆ ಆರುನೂರ ಹನ್ನೊಂದು. ಐಸ್ ಹಾಕಿ ತಂಡವನ್ನು ಹೇಗೆ ನಡೆಸಬೇಕೆಂದು ಅವರಲ್ಲಿ ಆರುನೂರ ಹತ್ತು ಜನಕ್ಕೆ ಚೆನ್ನಾಗಿ ಗೊತ್ತು. ಉಳಿದ ಒಂದು, ಕಳೆದ ತಿಂಗಳು ಹುಟ್ಟಿದ ಕೂಸು. ಗೊತ್ತಿಲ್ಲದ ಇನ್ನೊಬ್ಬ ಆಸಾಮಿ ಎರಡು ತಾಸಿನ ದಾರಿಯಾಚೆ ರೆಜೈನಾ ನಗರದಲ್ಲಿದ್ದ. ಊರಿನ ದುರ್ದೈವಕ್ಕೆ ಬೈಸನ್ಸ್ ತಂಡದ ಮ್ಯಾನೇಜರ್ ಅವನೇ ಆಗಿದ್ದ.

ಈ ಅನ್ಯಾಯವನ್ನು ಸರಿಪಡಿಸುವ ಹೊಣೆಯನ್ನು ಎಮಿಲ್ ಸೆನ್ಯುಕ್ ಇಪ್ಪತ್ತೆರಡು ವರ್ಷಗಳ ಹಿಂದೆಯೇ ಹೊತ್ತುಕೊಂಡಿದ್ದ. ಹೊಟ್ಟೆಪಾಡಿಗೆ ಅವನು ಊರಿನ ರಸ್ತೆಗಳ ಹಿಮ ತಳ್ಳುವ ಯಂತ್ರ ಓಡಿಸುತ್ತಿದ್ದ, ನಿಜ. ಆದರೆ ಅವನ ಅಸಲಿ ಕಸುಬು ಪ್ರತಿ ಸೋಮವಾರ ಮ್ಯಾನೇಜರಿಗೆ ಕಾಗದ ಬರೆಯುವುದು. ಯಾವ ಆಟಗಾರನನ್ನು ಬಿಟ್ಟುಕೊಡಬೇಕು, ಬದಲಿಗೆ ಯಾವ ತಂಡದಿಂದ ಯಾರನ್ನು ತರಬೇಕು ಎಂಬುದನ್ನು ಅದರಲ್ಲಿ ಬಿಡಿಸಿ ಬಿಡಿಸಿ ಹೇಳುತ್ತಿದ್ದ.

ಹೊರಗಿನಿಂದ ನೋಡಿದಷ್ಟು ಸುಲಭದ ಕೆಲಸವಲ್ಲ ಇದು. ತಂಡದ ಒಡೆಯ ಕುಬೇರನೇ ಆಗಿರಲಿ, ಆಟಗಾರರೆಲ್ಲರ ಸಂಬಳ ಕೂಡಿದರೆ ಇಂತಿಷ್ಟನ್ನು ದಾಟುವಂತಿಲ್ಲ ಎಂದು ಲೀಗಿನ ಕಟ್ಟಳೆ. ಇದಕ್ಕೆ ಕ್ಯಾಪ್ ಎನ್ನುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಒಂದೇ ಮಾತಿನಲ್ಲಿ ಹೇಳಿದ್ದನ್ನು ಲೀಗಿನ ವಕೀಲರು ಆರುನೂರು ಪುಟಗಳಲ್ಲಿ ಬರೆದಿದ್ದಾರೆ. ಒಬ್ಬನನ್ನು ತರಬೇಕೆಂದರೆ ಇನ್ನೊಬ್ಬನನ್ನು ಕಳಿಸಲೇಬೇಕು. ಹೀಗಾಗಿ ಈ ಇಪ್ಪತ್ತೆರಡು ವರ್ಷಗಳಲ್ಲಿ ಎಮಿಲ್ ಕಾಗದದ ಮೇಲೆ ಮಾರದೆ ಉಳಿಸಿದ ಆಟಗಾರ ಬೈಸನ್ಸ್ ತಂಡದಲ್ಲಿ ಒಬ್ಬನೇ ಒಬ್ಬ.

ಉತ್ತರ ಬರುತ್ತಿತ್ತೇ? ಎಂಟು ವರ್ಷಗಳ ಹಿಂದೆ ಬೈಸನ್ಸ್ ತಂಡದ ಗುರುತಾದ ಕಾಡುಕೋಣದ ಮುದ್ರೆಯಿದ್ದ ಒಂದು ಲಕೋಟೆ ಬಂದಿತ್ತು. ಒಳಗಿದ್ದದ್ದು ಇಡೀ ವರ್ಷದ ಟಿಕೆಟ್ ಒಟ್ಟಿಗೆ ಕೊಂಡರೆ ಟೋಪಿ ಉಚಿತ ಎಂಬ ಜಾಹೀರಾತು. ಎಮಿಲ್ ಆ ಲಕೋಟೆಯನ್ನು ಅಂಗಿಯ ಜೇಬಿನಲ್ಲಿ ಕಾಡುಕೋಣದ ಕೊಂಬು ಮಾತ್ರ ಹೊರಗೆ ಕಾಣುವಂತೆ ಇಟ್ಟುಕೊಂಡಿದ್ದ. ಯಾರಾದರೂ ಕೇಳಿದರೆ, "ಒಳಗಿರೋದು ಗೋಪ್ಯ" ಎನ್ನುತ್ತಿದ್ದ. ಸುಳ್ಳೂ ಅಲ್ಲ, ಏಕೆಂದರೆ ಅವನು ಅದನ್ನು ಯಾರಿಗೂ ತೋರಿಸಿರಲಿಲ್ಲ.

ಊರಿನ ಅಂಚೆ ಕಚೇರಿ ಇದ್ದದ್ದು ಸ್ಟೆಫಾ ಅಜ್ಜಿಯ ಮನೆಯ ಮುಂದಿನ ಕೋಣೆಯಲ್ಲಿ. ಅಜ್ಜಿಗೆ ಎಪ್ಪತ್ತೊಂದು. ಯಾರಿಗೆ ಯಾರಿಂದ ಏನು ಬಂತೆಂಬುದನ್ನು ಅವಳ ಬಾಯಿಂದ ಹೊರಡಿಸಲು ಪಾದ್ರಿಗಳ ಕೈಯಲ್ಲೂ ಆಗಿರಲಿಲ್ಲ. ಅವಳು ಸಾಕಿ ಬೆಳೆಸಿದ ಮೊಮ್ಮಗ ಕೋಲ್ಬಿ. ಇಪ್ಪತ್ತಮೂರು ವರ್ಷದ ಈ ಹುಡುಗ ವಿಲೋ ಕ್ರಾಸಿಂಗ್ ಹುಟ್ಟಿದಂದಿನಿಂದ ದೊಡ್ಡ ಲೀಗಿನ ಮಂಜುಗಡ್ಡೆಯ ಮೇಲೆ ಕಾಲಿಟ್ಟ ಮೊದಲ ಮತ್ತು ಏಕಮಾತ್ರ ಕುಡಿ. ಅದೂ ಬೇರೆಲ್ಲೂ ಅಲ್ಲ, ಬೈಸನ್ಸ್ ತಂಡದಲ್ಲೇ. ಊರ ಬಾಗಿಲಲ್ಲಿ ಅವನ ಹನ್ನೆರಡು ಅಡಿ ಚಿತ್ರ ನಿಲ್ಲಿಸಿದ್ದರು. ಅದರ ಮೂಗಿನ ಮೇಲೆ ಕೂತ ಹಿಮವನ್ನು ಒರೆಸುವುದೂ ಎಮಿಲ್‌ನ ಕೆಲಸಗಳಲ್ಲಿ ಒಂದಾಗಿತ್ತು.

ಗ್ರಹಚಾರ ಶುರುವಾದದ್ದು ಫೆಬ್ರವರಿಯ ಒಂದು ಸೋಮವಾರ, ಸಹಕಾರಿ ಅಂಗಡಿಯ ಕಿಟಕಿ ಪಕ್ಕದ ಉದ್ದ ಮೇಜಿನಲ್ಲಿ. ಅಲ್ಲಿ ಬೆಳಗ್ಗೆ ಹತ್ತಕ್ಕೆ ಊರಿನ ಗಂಡಸರು ಸೇರಿ, ದಾಳ ಹಾಕಿ, ಸೋತವನ ಕೈಯಿಂದ ಎಲ್ಲರ ಕಾಫಿಗೂ ಹಣ ಕೊಡಿಸುವುದು ವಾಡಿಕೆ. ಆ ದಿನ ಬೈಸನ್ಸ್ ಹಿಂದಿನ ಆಟದಲ್ಲಿ ಏಳು ಗೋಲು ತಿಂದು ಸೋತಿತ್ತು.

"ಹೊಸ ಗೋಲ್‌ಕೀಪರ್ ಬೇಕೇ ಬೇಕು," ಎಂದ ಎಮಿಲ್.

"ಬೇಕು ಅಂದ್ರೆ ಆಯ್ತಾ? ಕ್ಯಾಪಲ್ಲಿ ಜಾಗ ಎಲ್ಲಿದೆ ಮಾರಾಯ?" ಎಂದ ಲಾರ್ನ್. ಗೋಧಿ ಗೋದಾಮಿನಿಂದ ನಿವೃತ್ತನಾದ ಮೇಲೆ ಎಮಿಲ್‌ನ ಮಾತಿಗೆ ಅಡ್ಡ ಮಾತಾಡುವುದನ್ನೇ ನೌಕರಿ ಮಾಡಿಕೊಂಡವನು ಅವನು. "ಮೂವತ್ತು ಲಕ್ಷ ಡಾಲರ್ ಬಿಡಿಸ್ಕೋಬೇಕು. ಯಾರನ್ನ ಕಳಿಸ್ತೀಯ?"

"ಯಾರನ್ನ ಬೇಕಾದ್ರೂ ಕಳಿಸ್ತೀನಿ. ಇದು ವ್ಯವಹಾರ ಲಾರ್ನ್, ವ್ಯವಹಾರ. ಇಲ್ಲಿ ಕರುಳಿಗೆ ಕೆಲ್ಸ ಇಲ್ಲ."

"ಓಹೋ! ಕೋಲ್ಬಿ ಸಂಬಳ ಸರಿಯಾಗಿ ಮೂವತ್ತೆರಡು ಲಕ್ಷ. ಬರಿ ನೋಡೋಣ ಅವನ ಹೆಸ್ರು, ಗಂಡಸಾದ್ರೆ."

ಯಾರೋ ಕಾಫಿ ಕಲಕುತ್ತಿದ್ದ ಚಮಚ ನಿಂತಿತು. ಕೋಲ್ಬಿಯ ಹೆಸರು ಬರೆಯುವುದೆಂದರೆ ಆ ಊರಿನಲ್ಲಿ ಇಗರ್ಜಿಯ ಗಂಟೆ ಕಳಚಿ ಗುಜರಿಗೆ ಹಾಕಿದ ಹಾಗೆ. ಆದರೆ ಗಂಡಸುತನದ ಪ್ರಶ್ನೆ ಬಂದಾಗ ಬುದ್ಧಿ ಉಪಯೋಗಿಸಿದ ಗಂಡಸು ಯಾವ ದೇಶದಲ್ಲಿದ್ದಾನೆ? ಎಮಿಲ್ ಅಲ್ಲೇ ಕಾಗದ ತೆಗೆದು ಬರೆದ. ಬರೆದದ್ದು ಸಾಲದೆಂದು ಎದ್ದು ನಿಂತು ಓದಿದ: ಕೋಲ್ಬಿಯನ್ನು ಫ್ಲಾರಿಡಾದ ತಂಡಕ್ಕೆ ಕೊಟ್ಟು, ಅವರ ಗಡ್ಡದ ಗೋಲ್‌ಕೀಪರನ್ನು ತರತಕ್ಕದ್ದು. ಉಳಿಯುವ ಎರಡು ಲಕ್ಷವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳತಕ್ಕದ್ದು.

ಅದನ್ನು ಅಂಚೆಗೆ ಹಾಕಲು ಹೋದಾಗ ಸ್ಟೆಫಾ ಅಜ್ಜಿ ಕನ್ನಡಕದ ಮೇಲಿಂದ ನೋಡಿದಳು.

"ಈ ವಾರ ಯಾರ ಮನೆ ಹಾಳ್ಮಾಡ್ತಿದೀಯೋ?"

"ಏನಿಲ್ಲ ಅಜ್ಜಿ. ಹೀಗೇ, ಒಂದಿಷ್ಟು ಸಲಹೆ."

ಅಜ್ಜಿ ಮುದ್ರೆ ಒತ್ತಿದಳು. ಯಾವತ್ತಿಗಿಂತ ಸ್ವಲ್ಪ ಜೋರಾಗಿಯೇ ಒತ್ತಿದಳು ಎಂದು ಎಮಿಲ್‌ಗೆ ಅನ್ನಿಸಿತು.

ಮೂರು ವಾರ ಕಳೆದು, ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಕೊನೆಯ ದಿನ ಬಂತು. ಅಂಥ ದಿನ ವಿಲೋ ಕ್ರಾಸಿಂಗಿನಲ್ಲಿ ಯಾರಿಗೂ ಮೈ ಸರಿಯಿರುವುದಿಲ್ಲ. ಶಾಲೆಯ ಮೇಷ್ಟರಿಗೆ ಬೆನ್ನುನೋವು, ಬ್ಯಾಂಕಿನ ಇಬ್ಬರಿಗೂ ಒಂದೇ ಜ್ವರ, ಹೀಗೆ ರೋಗಿಗಳೆಲ್ಲ ಸಹಕಾರಿ ಅಂಗಡಿಯ ಟೀವಿಯ ಮುಂದೆ ಚಿಕಿತ್ಸೆಗೆ ಸೇರಿದ್ದರು. ಮಧ್ಯಾಹ್ನ ಒಂದೂಕಾಲಿಗೆ ಕೆಂಪು ಅಕ್ಷರಗಳಲ್ಲಿ ಸುದ್ದಿ ಬಂತು. ಬೈಸನ್ಸ್ ತಂಡದ ಕೋಲ್ಬಿ ಫ್ಲಾರಿಡಾಕ್ಕೆ. ಬದಲಿಗೆ ಗಡ್ಡದ ಗೋಲ್‌ಕೀಪರ್.

ಟೀವಿಯನ್ನು ನೋಡುತ್ತಿದ್ದ ಅರವತ್ತು ತಲೆಗಳು ನಿಧಾನವಾಗಿ ಎಮಿಲ್‌ನ ಕಡೆ ತಿರುಗಿದವು.

ಇಲ್ಲಿ ಅವನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ, ಸಾವಿರಕ್ಕೂ ಮೇಲ್ಪಟ್ಟ ಕಾಗದ, ಮೊದಲ ಸಲ ಗುರಿ ಮುಟ್ಟಿದೆ. ಯಾವ ಋಷಿಗೆ ತಡೆದುಕೊಳ್ಳಲಾಗುತ್ತದೆ? ಎಮಿಲ್ ಜೇಬಿನ ಲಕೋಟೆಯನ್ನು ಒಮ್ಮೆ ತಟ್ಟಿ, "ಹೇಳಿದ್ನಲ್ಲ" ಎಂದ.

ಒಂದೇ ಒಂದು ಮಾತು. ಮರುದಿನ ಬೆಳಗ್ಗೆ ಹತ್ತಕ್ಕೆ ಅವನು ಉದ್ದ ಮೇಜಿಗೆ ಹೋದರೆ ಕುರ್ಚಿಯ ಮೇಲೆ ಯಾರದೋ ಕೋಟು ಇತ್ತು. ನಿಂತುಕೊಂಡೇ ದಾಳ ಹಾಕಿದ, ಸೋತ. ಜೇಬಿಗೆ ಕೈ ಹಾಕಿದರೆ ಯಾರೂ ಅವನ ದುಡ್ಡು ಮುಟ್ಟಲಿಲ್ಲ. "ನಮ್ಮ ಹುಡುಗನ್ನ ಮಾರಿದ ಕೈಯಿಂದ ಕಾಫಿ ಬೇಡ," ಎಂದು ಅವರವರ ಕಾಫಿಗೆ ಅವರವರೇ ಕೊಟ್ಟುಕೊಂಡರು. ಬಿಟ್ಟಿ ಕಾಫಿ ನಿರಾಕರಿಸಿದ ಘಟನೆ ಆ ಅಂಗಡಿಯ ಚರಿತ್ರೆಯಲ್ಲಿ ಇನ್ನೊಂದಿಲ್ಲ.

ಮನೆಗೆ ಬಂದರೆ ಹೆಂಡತಿ ವರ್ನಾ ಪೊರಕೆ ಹಿಡಿದು ನಿಂತಿದ್ದಳು. ಹನ್ನೊಂದು ವರ್ಷದಿಂದ ಅವಳು ಹೆಂಗಸರ ಕರ್ಲಿಂಗ್ ತಂಡದ ನಾಯಕಿ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆ ಆಟದಲ್ಲಿ ಎಲ್ಲಿ ಹೇಗೆ ಎಂದು ಕೂಗಿ ಹೇಳುವುದು ಅವಳ ಅಧಿಕಾರ, ಕಲ್ಲಿನ ಮುಂದೆ ಪೊರಕೆಯಿಂದ ಗುಡಿಸುವುದು ಉಳಿದವರ ಪಾಡು.

"ನೋಡು ಎಮಿಲ್. ನನ್ನನ್ನ ಮಂಜು ಗುಡಿಸೋಕೆ ಹಾಕಿದ್ರು."

"ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲ! ಮೂವತ್ತು ವರ್ಷದಿಂದ ಬಡ್ಕೋತಿದೀನಿ, ನಿನ್ನ ಕಾಗದ ಯಾವ ನಾಯೀನೂ ಓದಲ್ಲ ಅಂತ. ಎಲ್ರ ಹತ್ರಾನೂ ಹಾಗೇ ಹೇಳ್ಕೊಂಡು ಬಂದಿದೀನಿ. ಈಗ ನನ್ನ ಮಾತೂ ಸುಳ್ಳಾಯ್ತು, ಮರ್ಯಾದೇನೂ ಹೋಯ್ತು."

"ಕಾಗದ ಬರೀತಿರೋದು ಇಪ್ಪತ್ತೆರಡೇ ವರ್ಷದಿಂದ ವರ್ನಾ."

ವರ್ನಾ ಪೊರಕೆಯನ್ನು ಎತ್ತಿದ್ದರಿಂದ ಲೆಕ್ಕದ ಚರ್ಚೆ ಅಲ್ಲಿಗೇ ಮುಗಿಯಿತು.

ಭಾನುವಾರ ಇಗರ್ಜಿಯಲ್ಲಿ ಫಾದರ್ ಮಿರೋಸ್ಲಾವ್, ಯೋಸೇಫನನ್ನು ಅಣ್ಣಂದಿರು ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದ ಕಥೆಯನ್ನು ಮುಕ್ಕಾಲು ಗಂಟೆ ಹೇಳಿದರು. ಹೇಳುವಾಗ ಅವರ ಕಣ್ಣು ಮೂರನೆಯ ಸಾಲಿನ ಎಡ ತುದಿಯಿಂದ ಕದಲಲಿಲ್ಲ. ಅಲ್ಲಿ ಕೂತಿದ್ದ ಎಮಿಲ್ ಮೊದಲು ತಲೆ ತಗ್ಗಿಸಿದ. ಆಮೇಲೆ, ಇಪ್ಪತ್ತು ಬೆಳ್ಳಿಗೆ ಹೋದವನು ಇಡೀ ಐಗುಪ್ತ ದೇಶವನ್ನು ಬರದಿಂದ ಕಾಪಾಡಿದ್ದರಿಂದ ಒಟ್ಟಾರೆ ಅದು ನಷ್ಟದ ವ್ಯವಹಾರವೇನಲ್ಲ ಎಂದು ಲೆಕ್ಕ ಹಾಕತೊಡಗಿದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಹೀಗೆ ಮುಂಬಾಗಿಲು ಮುಚ್ಚಿಕೊಳ್ಳುತ್ತಿದ್ದಂತೆ ಹಿಂಬಾಗಿಲು ತೆರೆಯಿತು. ಮಂಗಳವಾರ ಮಟಮಟ ಮಧ್ಯಾಹ್ನ ಅಡುಗೆಮನೆಯ ಕದ ತಟ್ಟಿದವನು ಬೇರಾರೂ ಅಲ್ಲ, ಲಾರ್ನ್. ಕಂಕುಳಲ್ಲಿ ಒಂದು ಮಾರುದ್ದದ ಕಡವೆಮಾಂಸದ ಸಾಸೇಜು.

"ನಾನು ಬಂದದ್ದು ಯಾರಿಗೂ ಹೇಳ್ಬೇಡ," ಎಂದು ಒಳಗೆ ನುಗ್ಗಿದ. "ಮೇಜಲ್ಲಿ ನಾನು ನಿನ್ನ ಹತ್ರ ಮಾತಾಡಲ್ಲ, ತಪ್ಪು ತಿಳ್ಕೋಬೇಡ. ಈಗ ವಿಷಯಕ್ಕೆ ಬರೋಣ. ಆ ಎಡಗಡೆ ಡಿಫೆನ್ಸಲ್ಲಿ ಆಡ್ತಾನಲ್ಲ ಉದ್ದನೆಯವನು, ನಾಲ್ಕು ವರ್ಷದಿಂದ ನನ್ನ ಪ್ರಾಣ ತಿಂತಿದಾನೆ. ಅವನನ್ನೂ ಎಲ್ಲಿಗಾದ್ರೂ ಸಾಗ್ಹಾಕು."

"ಲಾರ್ನ್, ನಿಜ ಹೇಳ್ತೀನಿ ಕೇಳು. ನನ್ನ ಕಾಗದ ಯಾರೂ ಓದೋದಿಲ್ಲ."

ಲಾರ್ನ್ ಅವನನ್ನು ದಿಟ್ಟಿಸಿದ. ಆಮೇಲೆ ಸಾಸೇಜನ್ನು ನೋಡಿದ. "ಕಮ್ಮಿ ಆಯ್ತಾ?"

"ಅಯ್ಯೋ, ದೇವರಾಣೆ ಕಣೋ! ಯಾರೂ ಓದಲ್ಲ!"

"ಗೋಪ್ಯ. ಅರ್ಥ ಆಯ್ತು ಬಿಡು," ಎಂದು ಕಣ್ಣು ಮಿಟುಕಿಸಿ ಲಾರ್ನ್ ಹೊರಟುಹೋದ. ಬುಧವಾರ ಇನ್ನೂ ಎರಡು ಸಾಸೇಜು ಬಂದವು. ಗುರುವಾರದ ಹೊತ್ತಿಗೆ ಎಮಿಲ್‌ನ ಫ್ರೀಜರಿನಲ್ಲಿ ಅರ್ಧ ಕಡವೆ ಸೇರಿತ್ತು. ಬೈಸನ್ಸ್ ತಂಡದ ಎಂಟು ಜನರನ್ನು ಓಡಿಸಬೇಕೆಂಬ ಅರ್ಜಿಗಳೂ ಸೇರಿದ್ದವು. ಹುಡುಗನನ್ನು ಮಾರಿದ್ದಕ್ಕೆ ಹಗಲೆಲ್ಲ ಛೀ ಥೂ ಎನ್ನುವ ಊರು, ಮಾರಲು ಪಟ್ಟಿ ಹಿಡಿದು ಹಿತ್ತಿಲಿಗೆ ಬರುತ್ತಿತ್ತು. ಮೊದಲು ಇಲ್ಲದ ಉತ್ತರವನ್ನು ಇದೆ ಎಂದು ನಂಬಿಸಲು ಎಮಿಲ್ ಇಷ್ಟೊಂದು ಕಷ್ಟಪಟ್ಟಿರಲಿಲ್ಲ. ಈಗ ಇಲ್ಲ ಎಂದು ನಂಬಿಸಲು ಬೆವರು ಸುರಿಸಬೇಕಾಯಿತು.

ಶುಕ್ರವಾರ ಅವನು ಯಂತ್ರ ಓಡಿಸುತ್ತಿದ್ದಾಗ ಮೇಯರ್ ಬೆವರ್ಲಿ ತನ್ನ ಟ್ರಕ್ಕನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಇಳಿದಳು.

"ಎಮಿಲ್, ಭಾನುವಾರ ಇಗರ್ಜಿ ಹಾಲಲ್ಲಿ ಊರೂಟ ಇದೆ ತಾನೆ? ಅಲ್ಲಿ ನೀನು ಎಲ್ಲರ ಮುಂದೆ ಮ್ಯಾನೇಜರಿಗೆ ಫೋನ್ ಮಾಡ್ತೀಯ. ಸ್ಪೀಕರಲ್ಲಿ. ಹುಡುಗನ್ನ ವಾಪಸ್ ಕರೆಸ್ತೀಯ."

"ಮೇಡಂ, ಅವನ ನಂಬರೇ ನನ್ನ ಹತ್ರ ಇಲ್ಲ!"

"ನಾಟಕ ಆಡ್ಬೇಡ. ಕೌನ್ಸಿಲಲ್ಲಿ ಠರಾವು ಪಾಸಾಗಿದೆ. ಐದಕ್ಕೆ ಐದು." ಟ್ರಕ್ಕು ಹತ್ತುತ್ತ ಮತ್ತೆ ತಿರುಗಿದಳು. "ಹಾಗೇ ನಮ್ಮ ಆಟದ ಮನೆ ಚಾವಣಿ ಸೋರೋ ವಿಷಯಾನೂ ಮಾತಾಡು."

ಎಮಿಲ್ ಯಂತ್ರದಲ್ಲೇ ಕೂತು ಯೋಚಿಸಿದ. ಭಾನುವಾರ ಫೋನು ಹಿಡಿದು ನಿಂತರೆ ಇಪ್ಪತ್ತೆರಡು ವರ್ಷದ ಬಂಡವಾಳ ಬಯಲಾಗುತ್ತದೆ. ಮೊಮ್ಮಕ್ಕಳ ಕಾಲದವರೆಗೂ ಊರು ನಗುತ್ತದೆ. ಆದರೆ ನಕ್ಕಮೇಲಾದರೂ ಕುರ್ಚಿಯ ಮೇಲಿನ ಕೋಟು ತೆಗೆಯುತ್ತಾರಲ್ಲ! ನಿಜ ಹೇಳಿಬಿಡುವುದೇ ಸರಿ. ಆದರೆ ಎಲ್ಲರಿಗಿಂತ ಮುಂಚೆ ಹೇಳಬೇಕಾದದ್ದು ಒಬ್ಬಳಿಗೆ. ಟೀವಿಯಲ್ಲಿ ಸುದ್ದಿ ಬಂದ ದಿನದಿಂದ ಸ್ಟೆಫಾ ಅಜ್ಜಿ ಅವನ ಜೊತೆ ಒಂದು ಮಾತೂ ಆಡಿರಲಿಲ್ಲ. ಉಳಿದವರ ಬೈಗುಳಕ್ಕಿಂತ ಅದೇ ಅವನಿಗೆ ಹೆಚ್ಚು ನೋಯುತ್ತಿತ್ತು.

ಶನಿವಾರ ಬೆಳಗ್ಗೆ ಅಂಚೆಯ ಕೋಣೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ.

"ಅಜ್ಜೀ, ನಾನು ಕೋಲ್ಬಿನ ಮಾರಿಲ್ಲ. ನನ್ನ ಕಾಗದಕ್ಕೆ ಇವತ್ತಿನವರೆಗೆ ಒಂದು ಉತ್ತರಾನೂ ಬಂದಿಲ್ಲ."

"ಗೊತ್ತು ಕಣೋ," ಎಂದಳು ಅಜ್ಜಿ.

"ಗೊತ್ತಾ?"

"ಈ ಊರಿಗೆ ಬರೋ ಕಾಗದ ಎಲ್ಲಾ ನನ್ನ ಕೈಮೇಲೇ ಹೋಗ್ಬೇಕಲ್ಲ. ನಿನ್ನ ಜೇಬಲ್ಲಿದೆಯಲ್ಲ ಆ ಕೋಣದ ಲಕೋಟೆ, ಅದು ಅವತ್ತು ಊರಿನ ಎಲ್ಲಾ ಮನೆಗೂ ಬಂದಿತ್ತು. ಎಲ್ರೂ ಒಲೆಗೆ ಹಾಕಿದ್ರು. ನೀನೊಬ್ಬ ಎದೆಗೆ ಇಟ್ಕೊಂಡೆ."

ಎಮಿಲ್‌ನ ಕೈ ತಾನಾಗಿ ಜೇಬಿಗೆ ಹೋಯಿತು. ಎಂಟು ವರ್ಷ ಆ ಕೊಂಬನ್ನು ಕಂಡವರು ಯಾರೂ ಗುರುತು ಹಿಡಿದಿರಲಿಲ್ಲ. "ಮತ್ತೆ ನೀವು ಯಾಕೆ ನನ್ನ ಜೊತೆ ಮಾತು ಬಿಟ್ರಿ?"

"ಮಾತಾಡಿದ್ರೆ ನಿಜ ಹೇಳ್ಬೇಕಾಗುತ್ತಲ್ಲ." ಅಜ್ಜಿ ಕನ್ನಡಕ ತೆಗೆದು ಒರೆಸಿದಳು. "ಅವನೇ ಕೇಳ್ಕೊಂಡು ಹೋದ ಎಮಿಲ್. ನೀನು ಬರೆಯೋಕೆ ಒಂದು ತಿಂಗಳು ಮುಂಚೆ."

"ಯಾಕಜ್ಜಿ? ನಮ್ಮ ತಂಡ, ನಮ್ಮ ಜನ..."

"ಅದೇ ರೋಗ. ಜನವರೀಲಿ ಒಂದು ಪಾಸ್ ತಪ್ಪಿದ್ದಕ್ಕೆ ಈ ಊರಿಂದ ಅವನ ಫೋನಿಗೆ ನೂರನಲವತ್ತು ಮೆಸೇಜು. ನಮ್ಮೂರ ಹಲ್ಲಿನ ಡಾಕ್ಟ್ರು ಬಾಯಿ ಅಗಲ ಮಾಡಿಸಿ ಕೂರಿಸ್ಕೊಂಡು, ಕ್ಯಾಪಲ್ಲಿ ಮೂವತ್ತೆರಡು ಲಕ್ಷ ತಿನ್ನೋನು ಹೀಗಾ ಆಡೋದು ಅಂತ ಅರ್ಧ ಗಂಟೆ ಪಾಠ ಮಾಡಿದ್ನಂತೆ. ಪಾಪ, ಮಗುಗೆ ಉತ್ತರ ಹೇಳೋಕೂ ಬಾಯಿ ಖಾಲಿ ಇಲ್ಲ. 'ಅಜ್ಜೀ, ಬ್ರೆಡ್ ತರೋಕೆ ಹೋದ್ರೆ ಯಾರೂ ತಿರುಗಿ ನೋಡ್ದಿರೋ ಊರಿಗೆ ಹೋಗ್ತೀನಿ' ಅಂತ ಅತ್ತ."

ನೂರನಲವತ್ತರಲ್ಲಿ ತನ್ನವು ಎಷ್ಟೆಂದು ಎಮಿಲ್ ಮನಸ್ಸಿನಲ್ಲೇ ಎಣಿಸಿದ. ಆರು. ಒಂದರಲ್ಲಿ ನಕ್ಷೆಯೂ ಇತ್ತು.

"ಊರಿಗೆ ಗೊತ್ತಾದ್ರೆ ಅವನು ಬೇಸಿಗೇಲಿ ಮನೆಗೆ ಬರೋ ಹಾಗಿಲ್ಲ," ಎಂದಳು ಅಜ್ಜಿ. "ನೀನಾಗೇ ನಮ್ಮನ್ನ ಬಿಟ್ಟೋದ್ಯಾ ಅಂತ ಒಬ್ಬೊಬ್ರೂ ಕೇಳ್ತಾರೆ. ಅಷ್ಟರಲ್ಲಿ ಎಲ್ಲಾ ನಿನ್ನ ತಲೆಗೆ ಕಟ್ಟಿದ್ರು. ನಾನು ಸುಮ್ನಿದ್ದೆ. ತಪ್ಪು ಮಾಡ್ಬಿಟ್ಟೆ ಕಣೋ, ನಿನ್ನ ನೋಡಿ ಸಂಕಟಾನೂ ಆಗ್ತಿತ್ತು. ನಾಳೆ ನೀನು ನಿಜ ಹೇಳ್ಬಿಡು. ನಂಗೇನೂ ಬೇಜಾರಿಲ್ಲ."

ಭಾನುವಾರ ನಡುಹಗಲು ಇಗರ್ಜಿಯ ಹಾಲ್ ಕಿಕ್ಕಿರಿದಿತ್ತು. ಆಲೂಗಡ್ಡೆ ತುಂಬಿ ಬೇಯಿಸಿ ಬೆಣ್ಣೆಯಲ್ಲಿ ಹೊರಳಿಸಿದ ಪೆರೋಗಿ ಕಡುಬು ತಲೆಗೆ ಎಂಟೇ ಎಂದು ಗೋಡೆಗೆ ಚೀಟಿ ಅಂಟಿಸಿದ್ದರು. ಕಡುಬಿನ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತವಳು ಸ್ಟೆಫಾ ಅಜ್ಜಿ. ಮೇಯರ್ ಫೋನನ್ನು ಮೈಕಿನ ಪಕ್ಕ ಇಟ್ಟು ಎಮಿಲ್‌ನನ್ನು ಕರೆದಳು. ಅವನು ಎದ್ದ. ಜೇಬಿನಲ್ಲಿ, "ಕ್ಷಮಿಸಿ, ನಾನು ಸುಳ್ಳುಗಾರ" ಎಂದು ಶುರುವಾಗುವ ಭಾಷಣ ಬರೆದುಕೊಂಡಿದ್ದ. ಅದನ್ನು ಓದುವುದೋ ಬಿಡುವುದೋ ಎಂದು ರಾತ್ರಿಯೆಲ್ಲ ಹೊರಳಾಡಿ ಇನ್ನೂ ತೀರ್ಮಾನವಾಗಿರಲಿಲ್ಲ.

ಅವನು ಬಾಯಿ ತೆರೆಯುವ ಮೊದಲೇ ಲಾರ್ನ್ ಪತ್ರಿಕೆ ಹಿಡಿದು ಎದ್ದು ನಿಂತ.

"ಒಂದ್ನಿಮಿಷ! ಇಲ್ಲಿ ನೋಡಿ ಏನು ಬರೆದಿದಾರೆ. 'ಆಟಗಾರನೇ ವರ್ಗಾವಣೆ ಬಯಸಿದ್ದನೆಂಬ ಮಾತು ಕೇಳಿಬರುತ್ತಿದೆ.' ಕೋಲ್ಬಿನೇ ಕೇಳ್ಕೊಂಡು ಹೋದ್ನಾ ಹಾಗಾದ್ರೆ? ನಮ್ಮನ್ನ ಬಿಟ್ಟು?"

ಮುಂದಿನ ಸಾಲಿನಲ್ಲಿ ಕೋಲ್ಬಿಯ ಅಂಗಿ ತೊಟ್ಟು ಕೂತಿದ್ದ ಹಲ್ಲಿನ ಡಾಕ್ಟರ ಮುಖ ಬಿಳುಚಿತು. ಪಾತ್ರೆಯ ಹಿಂದೆ ಸೌಟು ಅಲ್ಲೇ ನಿಂತುಬಿಟ್ಟಿತು. ಎಮಿಲ್ ಅಜ್ಜಿಯ ಮುಖವನ್ನು ಒಮ್ಮೆ ನೋಡಿದ. ಭಾಷಣದ ಚೀಟಿಯನ್ನು ಜೇಬಿನೊಳಗೇ ಮುದುರಿದ.

"ಪತ್ರಿಕೆಯವ್ರಿಗೆ ಏನ್ರೀ ಗೊತ್ತು?" ಎಂದು ಗುಡುಗಿದ. "ಹುಡುಗ ಹೋಗಲ್ಲ ಹೋಗಲ್ಲ ಅಂತ ಕಾಲು ಹಿಡ್ಕೊಂಡ! ಕಳಿಸಿದ್ದು ನಾನು! ಇಪ್ಪತ್ತೆರಡು ವರ್ಷ ಬರ್ದೆ, ಕಡೆಗೂ ನನ್ನ ಮಾತು ಕೇಳಿದ್ರು. ಕ್ಯಾಪಲ್ಲಿ ಜಾಗ ಇರ್ಲಿಲ್ಲ, ಕಳಿಸ್ದೆ. ನಾಳೆ ಬೇಕಾದ್ರೆ ಇನ್ನಿಬ್ರನ್ನ ಕಳಿಸ್ತೀನಿ. ಫೋನ್ ಗೀನ್ ಮಾಡಲ್ಲ. ನನ್ನದೂ ಮ್ಯಾನೇಜರ್‌ದೂ ಮಾತು ಗೋಪ್ಯ!"

ಇಡೀ ಹಾಲ್ ಬೋರ್ಗರೆಯಿತು. ಕಾಲು ಹಿಡಿದುಕೊಂಡನೆಂಬ ಸುದ್ದಿಗೆ ಮೂವರು ಹೆಂಗಸರು ಗಟ್ಟಿಯಾಗಿ ಅತ್ತರು. ಲಾರ್ನ್ ಪತ್ರಿಕೆಯನ್ನು ಹರಿದು, "ನಂಗೊತ್ತಿತ್ತು, ನಮ್ಮ ಹುಡುಗ ಅಂಥವನಲ್ಲ!" ಎಂದು ಕೂಗಿದ. ಯಾರೋ ಬ್ರೆಡ್ಡಿನ ಉಂಡೆ ಎಸೆದರು. ಮೇಯರ್ ಮೇಜು ಕುಟ್ಟಿ, "ಚಾವಣಿ ವಿಷಯ ಏನಾಯ್ತು?" ಎಂದು ಕಿರುಚಿದ್ದು ಯಾರಿಗೂ ಕೇಳಿಸಲಿಲ್ಲ. ವರ್ನಾ ಮಾತ್ರ ಗಂಡನನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಈ ಮನುಷ್ಯನ ಮಾತು ರೆಜೈನಾದಲ್ಲಿ ನಡೆಯುತ್ತದೆ ಎಂದು ಅವಳಿಗೂ ಮೊದಲ ಸಲ ನಂಬಿಕೆ ಬಂದಿತ್ತು.

"ಎಲ್ರೂ ಸುಮ್ನಿರಿ!" ಎಂದಳು ಸ್ಟೆಫಾ ಅಜ್ಜಿ. ಎಲ್ಲರೂ ಸುಮ್ಮನಾದರು. "ನನ್ನ ಮೊಮ್ಮಗನ್ನ ಮಾರಿದವನು. ಇವನಿಗೆ ಶಿಕ್ಷೆ ಕೊಡೋಳು ನಾನು. ಬಾರೋ ಇಲ್ಲಿ, ತಟ್ಟೆ ಹಿಡಿ!"

ಎಮಿಲ್ ತಟ್ಟೆ ಹಿಡಿದ. ಅಜ್ಜಿ ಬಡಿಸತೊಡಗಿದಳು. ಎಂಟಾಯಿತು, ಹದಿನಾಲ್ಕಾಯಿತು, ಇಪ್ಪತ್ತಾಯಿತು. ಲಾರ್ನ್ ಗೋಡೆಯ ಚೀಟಿಯ ಕಡೆ ಕೈ ಮಾಡಿದ. "ಅಜ್ಜೀ, ತಲೆಗೆ ಎಂಟೇ ಅಂತ..."

"ಇವನಿಗೆ ಮಿತಿ ಇಲ್ಲ," ಎಂದು ಅಜ್ಜಿ ಗದರಿ, ಮೇಲೆ ಇನ್ನೊಂದು ಸೌಟು ಬೆಣ್ಣೆ ಸುರಿದಳು. "ಎಲ್ಲಾನೂ ತಿನ್ಬೇಕು. ಇಲ್ಲೇ, ನನ್ನ ಕಣ್ಣೆದುರಿಗೆ. ಒಂದನ್ನೂ ಬಿಡೋ ಹಾಗಿಲ್ಲ. ಹೊಟ್ಟೆ ಬಿರಿದು ಬುದ್ಧಿ ಬರ್ಲಿ!"

ತಕ್ಕ ಶಾಸ್ತಿಯೆಂದು ಊರು ಒಪ್ಪಿತು. ಎಮಿಲ್ ಅಜ್ಜಿಯ ಎದುರಿಗೆ ಕೂತು ಒಂದೊಂದಾಗಿ ಇಪ್ಪತ್ತು ಕಡುಬನ್ನೂ ತಿಂದ. ಕೊನೆಯದನ್ನು ಬಾಯಿಗಿಡುವಾಗ ಅವನ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ಕಂಡ ಫಾದರ್ ಮಿರೋಸ್ಲಾವ್, ಪಶ್ಚಾತ್ತಾಪ ಎಂದರೆ ಹೀಗಿರಬೇಕು ಎಂದು ಪಕ್ಕದವರಿಗೆ ಹೇಳಿದರು.